ಅಂಡಾಣುವಿನ ವಯಸ್ಸು ಮತ್ತು ವರ್ಣತಂತುಗಳ ಎಣಿಕೆ: ತಾಯಿಯಾಗಬಯಸುವವರಿಗೂ ಮನೆಯವರಿಗೂ ಒಂದು ಪಾಠ





ಸ್ತ್ರೀರೋಗ ವಿಭಾಗದ ಹೊರಗಿನ ಬೆಂಚಿನ ಮೇಲೆ ನಾವು ಮೇಲಿಂದ ಮೇಲೆ ಕೇಳುವ ಮಾತೊಂದಿದೆ. "ಸಿಸ್ಟರ್, ನಮ್ಮ ಸೊಸಿಗೆ ಎರಡು ಸಲ ನಿಂತು ಹೋತ್ರಿ. ಕೊಡಾ ಎತ್ತಬ್ಯಾಡ, ಬಸ್ಸಿನ್ಯಾಗ ತಿರಗಬ್ಯಾಡ ಅಂದ್ರ ಕೇಳಲಿಲ್ಲ. ಈಗ ನೀವರ ಹೇಳ್ರಿ, ತಪ್ಪು ಯಾರದು?" ಅತ್ತೆಯವರು ಹೀಗೆ ಕೇಳುವಾಗ ಸೊಸೆ ಪಕ್ಕದಲ್ಲಿ ತಲೆ ಬಗ್ಗಿಸಿ ಕುಳಿತಿರುತ್ತಾಳೆ. ಮಗ ಕಿಟಕಿಯ ಕಡೆ ನೋಡುತ್ತಿರುತ್ತಾನೆ. ಮೂವರ ಮನಸ್ಸಿನಲ್ಲಿಯೂ ನೋವಿದೆ. ಆದರೆ ಆ ನೋವಿನ ಭಾರ ಒಬ್ಬಳ ತಲೆಯ ಮೇಲೆ ಬಿದ್ದಿದೆ.

ಈ ಪ್ರಶ್ನೆಗೆ ಉತ್ತರವನ್ನು ಸುಲಭವಾಗಿ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು, ಭ್ರೂಣದ ವರ್ಣತಂತುಗಳ ಎಣಿಕೆ ತಪ್ಪಿದ್ದರಿಂದ ಆಗುತ್ತವೆ. ಈ ತಪ್ಪು ಬಹುಪಾಲು ಅಂಡಾಣುವಿನೊಳಗೆ, ಗರ್ಭ ನಿಲ್ಲುವ ಮೊದಲೇ ಆಗಿರುತ್ತದೆ. ಕೊಡ ಎತ್ತಿದ್ದಕ್ಕೂ ಬಸ್ಸಿನಲ್ಲಿ ಹೋಗಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ತಪ್ಪನ್ನು ಕಡಿಮೆ ಮಾಡಲು ವಿಜ್ಞಾನಿಗಳು ಏನು ಪ್ರಯತ್ನ ಮಾಡುತ್ತಿದ್ದಾರೆ, ಅದರಲ್ಲಿ ಇಂದು ನಮಗೆ ಸಿಗುವುದೇನು, ಸಿಗದಿರುವುದೇನು ಎಂಬುದನ್ನು ಮುಂದೆ ನೋಡೋಣ.

ವರ್ಣತಂತು ಎಂದರೇನು?

ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಪ್ರತಿ ಜೀವಕೋಶದೊಳಗೆ ದಾರದಂತಹ ವಸ್ತುಗಳಿವೆ. ಇವೇ ವರ್ಣತಂತುಗಳು. ವೈದ್ಯರು ಇವನ್ನು ಕ್ರೋಮೋಸೋಮ್ ಎನ್ನುತ್ತಾರೆ. ಕಣ್ಣಿನ ಬಣ್ಣ, ಎತ್ತರ, ಹೃದಯ ಬೆಳೆಯುವ ಬಗೆ, ಮೆದುಳು ಬೆಳೆಯುವ ಬಗೆ, ಎಲ್ಲದರ ಬರಹ ಇವುಗಳಲ್ಲಿಯೇ ಇರುತ್ತದೆ.

ಮನುಷ್ಯನಲ್ಲಿ ವರ್ಣತಂತುಗಳು ಒಟ್ಟು 46. ಈ ಲೆಕ್ಕ ಖಚಿತವಾಗಿ ತಿಳಿದದ್ದು 1956ರಲ್ಲಿ. ಇವು 23 ಜೋಡಿಗಳಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಆದ್ದರಿಂದ ಅಂಡಾಣುವಿನಲ್ಲಿ 23, ವೀರ್ಯಾಣುವಿನಲ್ಲಿ 23 ಮಾತ್ರ ಇರಬೇಕು. ಎರಡೂ ಸೇರಿದಾಗ ಮತ್ತೆ 46 ಆಗುತ್ತದೆ.

ಅಂಡಾಣುವಿನಲ್ಲಿ 23ರ ಬದಲು 24 ಇದ್ದರೆ ಭ್ರೂಣದಲ್ಲಿ 47 ಆಗುತ್ತದೆ. 22 ಇದ್ದರೆ 45 ಆಗುತ್ತದೆ. ಬರಹ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಇಂತಹ ಭ್ರೂಣಗಳಲ್ಲಿ ಹೆಚ್ಚಿನವು ಗರ್ಭಕೋಶಕ್ಕೆ ಅಂಟಿಕೊಳ್ಳುವುದೇ ಇಲ್ಲ. ಆಗ ಮುಟ್ಟು ಬಂದುಬಿಡುತ್ತದೆ, ಗರ್ಭ ನಿಂತಿತ್ತೆಂಬುದೂ ತಿಳಿಯುವುದಿಲ್ಲ. ಕೆಲವು ಅಂಟಿಕೊಂಡು, ಆರು, ಎಂಟು ಅಥವಾ ಹತ್ತು ವಾರಕ್ಕೆ ಬೆಳವಣಿಗೆ ನಿಂತು ಗರ್ಭಪಾತವಾಗುತ್ತದೆ. ಎಲ್ಲೋ ಕೆಲವು ಮಾತ್ರ ಪೂರ್ಣ ಬೆಳೆದು ಮಗುವಾಗಿ ಹುಟ್ಟುತ್ತವೆ. 21ನೆಯ ವರ್ಣತಂತು ಎರಡರ ಬದಲು ಮೂರು ಇರುವ ಮಕ್ಕಳ ಸ್ಥಿತಿಯನ್ನು ಡೌನ್ ಸಿಂಡ್ರೋಮ್ ಎನ್ನುತ್ತಾರೆ. ಇದಕ್ಕೆ ಕಾರಣ ಹೆಚ್ಚುವರಿ ವರ್ಣತಂತು ಎಂದು 1959ರಲ್ಲಿ ಪ್ಯಾರಿಸ್ಸಿನ ವೈದ್ಯರು ಕಂಡುಹಿಡಿದರು.

ಅಂಡಾಣುವಿಗೆ ತಾಯಿಯಷ್ಟೇ ವಯಸ್ಸು

ಗಂಡಸಿನ ವೀರ್ಯಾಣುಗಳು ಪ್ರತಿದಿನ ಹೊಸದಾಗಿ ಹುಟ್ಟುತ್ತಿರುತ್ತವೆ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಸಾಕು. ಹೆಂಗಸಿನ ಅಂಡಾಣುಗಳು ಹಾಗಲ್ಲ. ಹೆಣ್ಣುಮಗು ತನ್ನ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿನದಾಗಿದ್ದಾಗಲೇ ಅದರ ಅಂಡಾಶಯದಲ್ಲಿ ಅರುವತ್ತರಿಂದ ಎಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ ಹತ್ತರಿಂದ ಇಪ್ಪತ್ತು ಲಕ್ಷಕ್ಕೆ ಇಳಿಯುತ್ತವೆ. ದೊಡ್ಡವಳಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಇವುಗಳಲ್ಲಿ ನಾಲ್ಕೈದು ನೂರು ಮಾತ್ರ ಪಕ್ವವಾಗಿ ಹೊರಬರುತ್ತವೆ.

ಅಂದರೆ 38 ವರ್ಷದ ತಾಯಿಯ ಅಂಡಾಣುವಿಗೂ 38 ವರ್ಷ ದಾಟಿರುತ್ತದೆ. ಅಷ್ಟು ಕಾಲವೂ ಅದು ಅರ್ಧ ಮುಗಿದ ಕೆಲಸವನ್ನು ಹಿಡಿದುಕೊಂಡು ಸುಮ್ಮನೆ ಕಾಯುತ್ತಿರುತ್ತದೆ. ಒಕ್ಕಲುತನದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹಿಂದೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು. ಹೊಸ ಬೀಜ ಬಿತ್ತಿದರೆ ನೂರಕ್ಕೆ ತೊಂಬತ್ತು ಹುಟ್ಟುತ್ತದೆ. ವರ್ಷಗಟ್ಟಲೆ ಇಟ್ಟ ಬೀಜದಲ್ಲಿ ಹುಟ್ಟುವುದು ಕಡಿಮೆಯಾಗುತ್ತದೆ. ಅದಕ್ಕೆ ಬಿತ್ತಿದವರನ್ನು ಯಾರೂ ಬೈಯುವುದಿಲ್ಲ, ಹೊಲವನ್ನೂ ಬೈಯುವುದಿಲ್ಲ.

ಎಣಿಕೆ ತಪ್ಪುವುದು ಹೇಗೆ?

ಇದು ಈ ಪಾಠದ ಮುಖ್ಯ ಭಾಗ. ನಿಧಾನವಾಗಿ ಓದಿರಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ.

ಅಂಡಾಣುವಿನೊಳಗಿನ ಪ್ರತಿ ವರ್ಣತಂತು ತನ್ನದೇ ಒಂದು ನಕಲು ಮಾಡಿಕೊಂಡು, ತನ್ನ ಜೊತೆಗಾರನೊಂದಿಗೆ ಸೇರಿ, ಒಂದು ಕಟ್ಟಾಗಿ ನಿಂತಿರುತ್ತದೆ. ಜೋಳದ ಸಿವುಡುಗಳನ್ನು ಜೋಡಿ ಮಾಡಿ ಹಗ್ಗ ಬಿಗಿದಂತೆ, ಈ ಕಟ್ಟಿಗೂ ಒಂದು ಹಗ್ಗವಿದೆ. ಆ ಹಗ್ಗ ಒಂದು ಬಗೆಯ ಪ್ರೋಟೀನು. ಅದರ ಹೆಸರು ಕೊಹೆಸಿನ್. ಹೆಣ್ಣುಮಗು ಹುಟ್ಟುವ ಮೊದಲೇ ಈ ಹಗ್ಗವನ್ನು ಬಿಗಿದಾಗಿರುತ್ತದೆ. ಆಮೇಲೆ ಹಳೆಯದನ್ನು ಬಿಚ್ಚಿ ಹೊಸದು ಹಾಕುವ ಶಕ್ತಿ ಅಂಡಾಣುವಿಗೆ ಇಲ್ಲವೆಂದು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿವೆ.

ಅಂಡಾಣು ಪಕ್ವವಾಗುವ ಸಮಯದಲ್ಲಿ ಈ ಕಟ್ಟನ್ನು ಎರಡು ಸಲ ಬಿಚ್ಚಬೇಕಾಗುತ್ತದೆ. ಮೊದಲನೆಯ ಸಲ, ಅಂಡಾಣು ಹೊರಬರುವ ಮುನ್ನ, ಜೊತೆಗಾರ ವರ್ಣತಂತುಗಳು ಬೇರೆಯಾಗುತ್ತವೆ. ಒಂದು ಭಾಗ ಅಂಡಾಣುವಿನಲ್ಲಿ ಉಳಿಯುತ್ತದೆ, ಇನ್ನೊಂದು ಭಾಗ ಹೊರಗೆ ಹೋಗುತ್ತದೆ. ಎರಡನೆಯ ಸಲ, ವೀರ್ಯಾಣು ಒಳಗೆ ಬಂದ ಮೇಲೆ, ನಕಲುಗಳು ಬೇರೆಯಾಗುತ್ತವೆ. ಹೀಗೆ ಎರಡು ಸಲವೂ ಸರಿಯಾದ ಹೊತ್ತಿಗೆ ಬಿಚ್ಚಿದರೆ ಲೆಕ್ಕ 23ಕ್ಕೆ ಸರಿಹೋಗುತ್ತದೆ.

ಆದರೆ ಮೊದಲ ಸಲ ಬಿಚ್ಚುವಾಗ ನಡುವಿನ ಗಂಟು ಮಾತ್ರ ಬಿಚ್ಚಬಾರದು. ಅದು ಎರಡನೆಯ ಸಲದವರೆಗೆ ಭದ್ರವಾಗಿ ಇರಬೇಕು. ಆ ಗಂಟಿಗೆ ಕಾವಲಾಗಿ ಇನ್ನೊಂದು ಪ್ರೋಟೀನು ಇರುತ್ತದೆ. ಅದರ ಹೆಸರು ಶುಗೋಶಿನ್. ಇದು ಜಪಾನೀ ಭಾಷೆಯ ಪದ, ಕಾಯುವ ದೈವ ಎಂದು ಅರ್ಥ. ಜಪಾನಿನ ವಿಜ್ಞಾನಿಗಳು 2004ರಲ್ಲಿ ಈ ಹೆಸರು ಕೊಟ್ಟರು.

ವಯಸ್ಸಾದಂತೆ ಎರಡು ತೊಂದರೆಗಳು ಕೂಡಿ ಬರುತ್ತವೆ. ಒಂದು, ಹಗ್ಗ ಹಳೆಯದಾಗಿ ಎಳೆ ಎಳೆಯಾಗಿ ಸವೆಯುತ್ತದೆ. ಎರಡು, ಗಂಟು ಕಾಯುವ ಶುಗೋಶಿನ್ ಕಡಿಮೆಯಾಗುತ್ತದೆ. ಆಗ ಕಟ್ಟು ಹೊತ್ತಿಗೆ ಮುಂಚೆಯೇ ಸಡಿಲಾಗುತ್ತದೆ. ಸಡಿಲಾದ ಸಿವುಡನ್ನು ಬಂಡಿಗೆ ಏರಿಸುವಾಗ ದಂಟುಗಳು ಅತ್ತಿತ್ತ ಬೀಳುವಂತೆ, ವರ್ಣತಂತುಗಳು ತಪ್ಪಾದ ಕಡೆಗೆ ಹೋಗುತ್ತವೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುತ್ತದೆ. ಇದಕ್ಕೇ ವರ್ಣತಂತುಗಳ ಎಣಿಕೆ ತಪ್ಪುವುದು ಎನ್ನುವುದು.

ಇದು ಎಷ್ಟು ಸಾಮಾನ್ಯ?

ಯಾವ ವಯಸ್ಸಿನಲ್ಲಿಯೂ ಈ ತಪ್ಪು ಪೂರ್ತಿ ಇಲ್ಲವೆಂದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ 15 ಸಾವಿರಕ್ಕೂ ಹೆಚ್ಚು ಭ್ರೂಣಗಳನ್ನು ಪರೀಕ್ಷಿಸಿ 2014ರಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಪ್ರಕಟಿಸಿದರು. ಅದರಲ್ಲಿ ಎಣಿಕೆ ತಪ್ಪಿದ ಭ್ರೂಣಗಳು ಎಲ್ಲಕ್ಕಿಂತ ಕಡಿಮೆ ಇದ್ದದ್ದು 26ರಿಂದ 30 ವರ್ಷದ ತಾಯಂದಿರಲ್ಲಿ. 35ನೆಯ ವಯಸ್ಸಿಗೆ ಸುಮಾರು ಶೇ. 35, 40ನೆಯ ವಯಸ್ಸಿಗೆ ಸುಮಾರು ಶೇ. 58, 42ಕ್ಕೆ ಸುಮಾರು ಶೇ. 75, 44ಕ್ಕೆ ಸುಮಾರು ಶೇ. 88 ಭ್ರೂಣಗಳಲ್ಲಿ ಎಣಿಕೆ ತಪ್ಪಿತ್ತು.

ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವವೂ ತಾಯಿಯ ವಯಸ್ಸಿನೊಂದಿಗೆ ಏರುತ್ತದೆ. 25ನೆಯ ವಯಸ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಹೆರಿಗೆಗಳಿಗೆ ಒಂದು ಇದ್ದರೆ, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು, 45ಕ್ಕೆ ಸುಮಾರು 30ಕ್ಕೆ ಒಂದು ಆಗುತ್ತದೆ.

ಇದನ್ನು ಓದಿ ಯಾರೂ ತಪ್ಪಾಗಿ ತಿಳಿಯಬಾರದು. ಮಗಳನ್ನು ಬೇಗ ಮದುವೆ ಮಾಡಿ ಕಳಿಸಿರಿ ಎಂದು ನಾವು ಹೇಳುತ್ತಿಲ್ಲ. 18 ವರ್ಷಕ್ಕಿಂತ ಮುಂಚೆ ಮದುವೆ ಅಪರಾಧ. ಹದಿವಯಸ್ಸಿನ ಬಸುರು ತಾಯಿಗೂ ಮಗುವಿಗೂ ಅಪಾಯ. ಹದಿವಯಸ್ಸಿನವರ ಅಂಡಾಣುಗಳಲ್ಲಿಯೂ ಎಣಿಕೆ ತಪ್ಪುವುದು ಇಪ್ಪತ್ತರ ವಯಸ್ಸಿನವರಿಗಿಂತ ಹೆಚ್ಚು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ. ಮೈ ಪೂರ್ಣ ಬೆಳೆದು, ಓದು ಮುಗಿದು, ಮನಸ್ಸು ಸಿದ್ಧವಾದ ಮೇಲೆ ತಾಯಿಯಾಗುವುದೇ ಒಳ್ಳೆಯದು. ಆದರೆ ಮಗು ಬೇಕೆಂದು ನಿರ್ಧರಿಸಿದ ಮೇಲೆ, ವಿಶೇಷವಾಗಿ 35 ದಾಟಿದ ಮೇಲೆ, ಕಾಲ ಕಳೆಯಬಾರದು.

ಇವು ಕಾರಣಗಳಲ್ಲ

ನೀರಿನ ಕೊಡ ಎತ್ತಿದ್ದು, ಹೊಲಕ್ಕೆ ಹೋದದ್ದು, ಬಸ್ಸಿನಲ್ಲಿ ಪ್ರಯಾಣ ಮಾಡಿದ್ದು, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದು, ಯಾರದೋ ದೃಷ್ಟಿ ತಾಗಿದ್ದು, ಹಿಂದಿನ ಜನ್ಮದ ಪಾಪ: ಇವು ಯಾವುದರಿಂದಲೂ ವರ್ಣತಂತುಗಳ ಎಣಿಕೆ ತಪ್ಪುವುದಿಲ್ಲ. ಮೊದಲೇ ಹೇಳಿದಂತೆ, ಗರ್ಭ ನಿಂತದ್ದು ತಿಳಿಯುವ ಹೊತ್ತಿಗೆ ಅಂಡಾಣುವಿನ ಲೆಕ್ಕ ಆಗಿ ಹೋಗಿರುತ್ತದೆ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು, "ರಕ್ತಸಂಬಂಧದಿಂದ ಹೀಗಾಯಿತೇ?" ಎಂದು ಕೇಳುತ್ತಾರೆ. ರಕ್ತಸಂಬಂಧದ ಮದುವೆಯಿಂದ ಕೆಲವು ಆನುವಂಶಿಕ ಕಾಯಿಲೆಗಳು ಮಕ್ಕಳಿಗೆ ಬರುವ ಸಂಭವ ಹೆಚ್ಚು, ಅದು ನಿಜ. ಆದರೆ ಅದು ಬೇರೆ ವಿಷಯ. ವಯಸ್ಸಿನಿಂದ ವರ್ಣತಂತುಗಳ ಎಣಿಕೆ ತಪ್ಪುವುದು ಬೇರೆ ವಿಷಯ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಹಾಗೆಂದು ಎಲ್ಲ ಗರ್ಭಪಾತಕ್ಕೂ ಇದೊಂದೇ ಕಾರಣವೂ ಅಲ್ಲ. ಥೈರಾಯ್ಡ್, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಗರ್ಭಕೋಶದ ರಚನೆಯ ದೋಷ, ರಕ್ತ ಹೆಪ್ಪುಗಟ್ಟುವ ತೊಂದರೆ ಮುಂತಾದವುಗಳೂ ಕಾರಣವಾಗಬಹುದು. ಎರಡು ಅಥವಾ ಹೆಚ್ಚು ಸಲ ಗರ್ಭಪಾತವಾಗಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಕೆಲವು ದಂಪತಿಗಳಲ್ಲಿ ಗಂಡ ಅಥವಾ ಹೆಂಡತಿಯ ವರ್ಣತಂತುಗಳ ತುಂಡುಗಳು ಸ್ಥಾನ ಬದಲಿಸಿರುತ್ತವೆ. ಅವರು ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಗರ್ಭ ನಿಲ್ಲುವುದಿಲ್ಲ. ಇದನ್ನು ಇಬ್ಬರ ರಕ್ತ ಪರೀಕ್ಷೆಯಿಂದ ತಿಳಿಯಬಹುದು. ಆದ್ದರಿಂದ ಗಂಡನೂ ಆಸ್ಪತ್ರೆಗೆ ಬರಬೇಕು.

ತಪ್ಪನ್ನು ಕಡಿಮೆ ಮಾಡಲು ಸಾಧ್ಯವೇ?

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ "ಮುದಿ ಅಂಡಾಣುವಿಗೆ ಮರಳಿ ಯೌವನ" ಎಂಬಂತಹ ಸುದ್ದಿ ನೋಡಿ ಬಂದು ಕೇಳುವವರಿದ್ದಾರೆ. ಅದರ ಹಿಂದಿನ ನಿಜಾಂಶ ಇಷ್ಟು.

ಜರ್ಮನಿಯ ಗಟಿಂಗನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮೆಲಿನಾ ಶೂ ಎಂಬ ವಿಜ್ಞಾನಿ ಹಾಗೂ ಅವರ ಸಂಗಡಿಗರು ಬಹುಕಾಲದಿಂದ ಅಂಡಾಣುವಿನ ಬಗ್ಗೆ ಅಧ್ಯಯನ ಮಾಡುತ್ತಿದ್ದಾರೆ. ಗಂಟು ಕಾಯುವ ಶುಗೋಶಿನ್ ಕಡಿಮೆಯಾಗುವುದರಿಂದ ತೊಂದರೆಯಾಗುತ್ತಿದ್ದರೆ, ಅದನ್ನೇ ಹೊರಗಿನಿಂದ ತುಂಬಿಕೊಟ್ಟರೆ ಹೇಗೆ ಎಂದು ಅವರು ಯೋಚಿಸಿದರು. ಚಿಕಿತ್ಸೆಗೆ ಬಂದ ಮಹಿಳೆಯರು ಸಂಶೋಧನೆಗೆಂದು ದಾನ ಮಾಡಿದ ಅಂಡಾಣುಗಳೊಳಗೆ, ಶುಗೋಶಿನ್ ತಯಾರಿಸಲು ಬೇಕಾದ ಎಂ.ಆರ್.ಎನ್.ಎ. ಎಂಬ ವಸ್ತುವನ್ನು ಬಹಳ ಸೂಕ್ಷ್ಮವಾದ ಸೂಜಿಯಿಂದ ಸೇರಿಸಿದರು. ಎಂ.ಆರ್.ಎನ್.ಎ. ಎಂದರೆ "ಇಂತಹ ಪ್ರೋಟೀನು ತಯಾರಿಸು" ಎಂದು ಜೀವಕೋಶಕ್ಕೆ ಕೊಡುವ ಚೀಟಿ ಇದ್ದಂತೆ.

ಇದರ ಫಲಿತಾಂಶವನ್ನು ಅವರು 2026ರ ಜನವರಿಯಲ್ಲಿ ಬ್ರಿಟನ್ನಿನ ಎಡಿನ್‌ಬರೋ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ತಿಳಿಸಿದರು. ಸೂಜಿ ಹಾಕದ ಅಂಡಾಣುಗಳಲ್ಲಿ ಶೇ. 53ರಷ್ಟರಲ್ಲಿ ಈ ದೋಷ ಕಂಡರೆ, ಸೂಜಿ ಹಾಕಿದವುಗಳಲ್ಲಿ ಶೇ. 29ರಷ್ಟರಲ್ಲಿ ಮಾತ್ರ ಕಂಡಿತು. ಅಂದರೆ ದೋಷ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಇದು ಸಂತೋಷದ ಸುದ್ದಿ. ಆದರೆ ಮೂರು ಮಾತುಗಳನ್ನು ಮರೆಯಬಾರದು.

ಒಂದು, ಇದು ಪ್ರಯೋಗಾಲಯದ ಕೆಲಸ. ಈ ಪ್ರಯೋಗದಿಂದ ಯಾವ ಮಗುವೂ ಹುಟ್ಟಿಲ್ಲ. ಎರಡು, ಪ್ರಯೋಗಕ್ಕೆ ಸಿಕ್ಕ ಅಂಡಾಣುಗಳು ಕಡಿಮೆ. ಅದರಲ್ಲಿಯೂ 35 ದಾಟಿದವರ ಅಂಡಾಣುಗಳು ತೀರ ಕಡಿಮೆ ಇದ್ದುದರಿಂದ ಆ ವಯಸ್ಸಿನವರ ಬಗ್ಗೆ ಗಟ್ಟಿಯಾಗಿ ಹೇಳಲು ಆಗಿಲ್ಲ. ಮೂರು, ಇದು ಮಗುವಿಗೆ ಸುರಕ್ಷಿತವೇ ಎಂಬುದನ್ನು ಮುಂದಿನ ಪರೀಕ್ಷೆಗಳಿಂದ ತಿಳಿಯಬೇಕು. ಆದ್ದರಿಂದ "ನಮ್ಮಲ್ಲಿ ಈ ಚಿಕಿತ್ಸೆ ಸಿಗುತ್ತದೆ, ಇಷ್ಟು ಲಕ್ಷ ಕಟ್ಟಿರಿ" ಎಂದು ಯಾರಾದರೂ ಹೇಳಿದರೆ ಹಣ ಕಟ್ಟಬೇಡಿರಿ.

ಇಂದು ಸಿಗುವ ಮಾರ್ಗಗಳು

ಭ್ರೂಣದ ವರ್ಣತಂತು ಪರೀಕ್ಷೆ: ಐ.ವಿ.ಎಫ್. ಅಂದರೆ ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಅಂಡಾಣು ಮತ್ತು ವೀರ್ಯಾಣುಗಳನ್ನು ಹೊರಗೆ ಸೇರಿಸಿ ಭ್ರೂಣ ಬೆಳೆಸುತ್ತಾರೆ. ಐದಾರು ದಿನದ ಭ್ರೂಣದಿಂದ ಕೆಲವೇ ಜೀವಕೋಶ ತೆಗೆದು ಎಣಿಕೆ ನೋಡಬಹುದು. ಆದರೆ ಈ ಪರೀಕ್ಷೆ ಕೆಟ್ಟದ್ದನ್ನು ಸರಿ ಮಾಡುವುದಿಲ್ಲ, ಇರುವುದರಲ್ಲಿ ಆರಿಸಲು ಸಹಾಯ ಮಾಡುತ್ತದೆ ಅಷ್ಟೆ. ಎಲ್ಲ ಭ್ರೂಣಗಳಲ್ಲಿಯೂ ದೋಷವಿದ್ದರೆ ಆರಿಸಲು ಏನೂ ಉಳಿಯುವುದಿಲ್ಲ. 25ರಿಂದ 40 ವರ್ಷದ ಮಹಿಳೆಯರಲ್ಲಿ ಹಲವು ದೇಶಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆಯಾಗಿ ಈ ಪರೀಕ್ಷೆಯಿಂದ ಗರ್ಭ ನಿಲ್ಲುವ ಪ್ರಮಾಣ ಹೆಚ್ಚಾಗಲಿಲ್ಲ. ನಿಮಗೆ ಇದು ಬೇಕೇ ಬೇಡವೇ, ನಮ್ಮ ದೇಶದ ಕಾನೂನು ನಿಮ್ಮ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ. ಪರೀಕ್ಷೆಯ ನೆಪದಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ.

ಅಂಡಾಣು ಶೈತ್ಯೀಕರಣ: ಚಿಕ್ಕ ವಯಸ್ಸಿನಲ್ಲಿ ಅಂಡಾಣು ತೆಗೆದು ಅತಿ ತಣ್ಣಗೆ ಕಾಯ್ದಿಟ್ಟರೆ, ಅದರ ವಯಸ್ಸು ಅಲ್ಲಿಗೇ ನಿಲ್ಲುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಯುವತಿಯರಿಗೆ ಇದು ಬಹಳ ಉಪಯುಕ್ತ. ಆದರೆ ಕಾಯ್ದಿಟ್ಟ ಮಾತ್ರಕ್ಕೆ ಮಗು ಖಚಿತವೆಂದಲ್ಲ. 40 ದಾಟಿದ ಮೇಲೆ ಕಾಯ್ದಿಟ್ಟರೆ ಲಾಭ ಕಡಿಮೆ.

ದಾನಿಯ ಅಂಡಾಣು: ವಯಸ್ಸು ಬಹಳ ಮೀರಿದವರಿಗೆ ವೈದ್ಯರು ಈ ಸಲಹೆ ಕೊಡುತ್ತಾರೆ. ನಮ್ಮ ದೇಶದ 2021ರ ಕಾಯಿದೆಯ ಪ್ರಕಾರ ದಾನಿಯ ವಯಸ್ಸು 23ರಿಂದ 35ರೊಳಗೆ ಇರಬೇಕು, ಆಕೆ ಜೀವಮಾನದಲ್ಲಿ ಒಂದೇ ಸಲ ದಾನ ಮಾಡಬಹುದು. ಇದೇ ಕಾಯಿದೆಯಂತೆ ಚಿಕಿತ್ಸೆ ಪಡೆಯುವ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷದ ಮಿತಿ ಇದೆ.

ಮಾತ್ರೆ, ಪುಡಿ, ಲೇಹ್ಯ: ಅಂಡಾಣುವಿನ ಗುಣ ಹೆಚ್ಚಿಸುತ್ತವೆಂದು ಅನೇಕ ಮಾತ್ರೆಗಳು ಮಾರಾಟವಾಗುತ್ತವೆ. ಸವೆದ ಹಗ್ಗವನ್ನು ಮತ್ತೆ ಹೊಸೆದುಕೊಡುತ್ತದೆಂದು ಸಿದ್ಧವಾದ ಮಾತ್ರೆ ಇಂದಿಗೂ ಇಲ್ಲ. ಹಾರ್ಮೋನು ಇರುವ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿರಿ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ನಮಗೆ ತಿಳಿಸಿರಿ.

ನಮ್ಮ ಕೈಯಲ್ಲಿ ಇರುವುದೇನು?

ವಯಸ್ಸನ್ನು ಹಿಂದಕ್ಕೆ ತಳ್ಳಲು ಆಗುವುದಿಲ್ಲ. ಆದರೆ ಸರಿಯಾದ ಹೊತ್ತಿಗೆ ಬರುವುದು ನಮ್ಮ ಕೈಯಲ್ಲಿದೆ.

1. ವಯಸ್ಸು 35ರೊಳಗಿದ್ದು, ಒಟ್ಟಿಗಿದ್ದು ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆಗೆ ಬನ್ನಿರಿ. 35 ದಾಟಿದ್ದರೆ ಆರು ತಿಂಗಳಿಗೇ ಬನ್ನಿರಿ. 40 ದಾಟಿದ್ದರೆ ಕಾಯದೆ ಬನ್ನಿರಿ.

2. ಗಂಡನ ವೀರ್ಯ ಪರೀಕ್ಷೆ ಮೊದಲೇ ಆಗಲಿ. ಇದು ಸುಲಭದ ಪರೀಕ್ಷೆ. ಹೆಂಡತಿಗೆ ವರ್ಷಗಟ್ಟಲೆ ಚಿಕಿತ್ಸೆ ಕೊಡಿಸಿ, ಕೊನೆಗೆ ಗಂಡನಲ್ಲಿ ತೊಂದರೆ ಇದೆಯೆಂದು ತಿಳಿದಾಗ ಕಳೆದ ಕಾಲ ಮರಳಿ ಬರುವುದಿಲ್ಲ.

3. ಎ.ಎಂ.ಎಚ್. ಎಂಬ ರಕ್ತ ಪರೀಕ್ಷೆ ಅಂಡಾಣುಗಳು ಎಷ್ಟು ಉಳಿದಿವೆ ಎಂಬ ಅಂದಾಜು ಕೊಡುತ್ತದೆ. ಅವು ಹೇಗಿವೆ ಎಂದು ಹೇಳುವುದಿಲ್ಲ. ಅದರ ಅಂಕಿ ಕಡಿಮೆ ಬಂದಿತೆಂದು ಎದೆಗುಂದಬೇಡಿರಿ, ಹೆಚ್ಚು ಬಂದಿತೆಂದು ಮೈಮರೆಯಬೇಡಿರಿ.

4. ತಂಬಾಕು, ಗುಟಕಾ, ಬೀಡಿ, ಸಿಗರೇಟು ಬಿಡಿರಿ. ಸಿಗರೇಟು ಸೇದುವ ಮಹಿಳೆಯರಲ್ಲಿ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಮನೆಯೊಳಗೆ ಗಂಡಸರು ಬಿಡುವ ಹೊಗೆಯೂ ಹೆಂಗಸರ ಮೈಗೆ ಸೇರುತ್ತದೆ.

5. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಿರಿ. ಹಿಂದೆ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ ಹೆಚ್ಚು ಪ್ರಮಾಣ ಬೇಕು, ವೈದ್ಯರನ್ನು ಕೇಳಿರಿ. ಇದು ವರ್ಣತಂತುಗಳ ಎಣಿಕೆ ಸರಿಪಡಿಸುವುದಿಲ್ಲ. ಮಗುವಿನ ಮೆದುಳು, ಬೆನ್ನುಹುರಿಗಳನ್ನು ಕಾಪಾಡುತ್ತದೆ.

6. ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ, ರಕ್ತಹೀನತೆ ಇದ್ದರೆ ಮೊದಲೇ ಹತೋಟಿಗೆ ತನ್ನಿರಿ.

7. ಮತ್ತೆ ಮತ್ತೆ ಗರ್ಭಪಾತವಾಗುತ್ತಿದ್ದರೆ, ಹೊರಬಂದ ಭಾಗದ ವರ್ಣತಂತು ಪರೀಕ್ಷೆ ಮಾಡಬಹುದೇ ಎಂದು ಕೇಳಿರಿ. ಮನೆಯಲ್ಲಿ ಆಗಿದ್ದರೆ ಶುಚಿಯಾದ ಡಬ್ಬಿಯಲ್ಲಿ ತಕ್ಷಣ ತನ್ನಿರಿ. ಸ್ಪಿರಿಟ್, ಫಾರ್ಮಾಲಿನ್ ಮುಂತಾದ ಏನನ್ನೂ ನೀವೇ ಹಾಕಬೇಡಿರಿ. ಹಾಕಿದರೆ ಪರೀಕ್ಷೆ ಕೆಡುತ್ತದೆ.

8. ಗರ್ಭ ನಿಂತ ಮೇಲೆ 11ರಿಂದ 13 ವಾರಗಳಲ್ಲಿ ಒಂದು ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ, 18ರಿಂದ 20 ವಾರಗಳಲ್ಲಿ ಇನ್ನೊಂದು ಸ್ಕ್ಯಾನ್ ತಪ್ಪಿಸಬೇಡಿರಿ. ಇವು ಸಂಭವವನ್ನು ತಿಳಿಸುತ್ತವೆ. ಖಚಿತವಾಗಿ ತಿಳಿಯಲು ಗರ್ಭದ ನೀರಿನ ಪರೀಕ್ಷೆ ಮುಂತಾದವು ಬೇಕಾಗುತ್ತವೆ.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಹೊಲ ಒತ್ತಿ ಇಟ್ಟು, ಕೊರಳಿನ ಬಂಗಾರ ಮಾರಿ ಐ.ವಿ.ಎಫ್.ಗೆ ಹೋಗುವ ಕುಟುಂಬಗಳಿವೆ. ಹೋಗಬಾರದೆಂದು ನಾವು ಹೇಳುವುದಿಲ್ಲ. ಕೇಳಿ ತಿಳಿದು ಹೋಗಿರಿ ಎನ್ನುತ್ತೇವೆ. ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

ನಿಮ್ಮ ಕೇಂದ್ರ 2021ರ ಕಾಯಿದೆಯಂತೆ ನೋಂದಣಿಯಾಗಿದೆಯೇ? ನನ್ನ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಮಗು ಹುಟ್ಟಿದೆ? ಗರ್ಭ ನಿಂತವರ ಲೆಕ್ಕ ಬೇಡ, ಮಗು ಹುಟ್ಟಿದವರ ಲೆಕ್ಕ ಹೇಳಿರಿ. ಈ ಹೆಚ್ಚಿನ ಪರೀಕ್ಷೆ ಅಥವಾ ಇಂಜೆಕ್ಷನ್ನಿನಿಂದ ನನಗೆ ಆಗುವ ಲಾಭವೇನು? ಅದನ್ನು ಬಿಟ್ಟರೆ ಏನಾಗುತ್ತದೆ? ಔಷಧ, ಸ್ಕ್ಯಾನ್, ಭ್ರೂಣ ಕಾಯ್ದಿಡುವುದು, ಎಲ್ಲ ಸೇರಿ ಒಟ್ಟು ಖರ್ಚೆಷ್ಟು? ಮೊದಲ ಸಲ ಫಲಿಸದಿದ್ದರೆ ಮುಂದೇನು?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. "ನೂರಕ್ಕೆ ನೂರು ಗ್ಯಾರಂಟಿ" ಎಂದು ಹೇಳುವವರ ಬಳಿ ಎರಡು ಸಲ ಯೋಚಿಸಿರಿ.

ಮನೆಯವರಿಗೆ ಒಂದು ಮಾತು

ಗರ್ಭಪಾತವಾದ ಹೆಣ್ಣುಮಗಳಿಗೆ ವಿಶ್ರಾಂತಿ, ಊಟ ಎಷ್ಟು ಮುಖ್ಯವೋ ಸಮಾಧಾನದ ಮಾತೂ ಅಷ್ಟೇ ಮುಖ್ಯ. ಕೆಲವು ಮನೆಗಳಲ್ಲಿ ಆಕೆಯನ್ನು ಸೂತಕವೆಂದು ಬೇರೆ ಕೂಡಿಸುತ್ತಾರೆ, ಸೀಮಂತ, ತೊಟ್ಟಿಲ ಕಾರ್ಯಗಳಿಗೆ ಕರೆಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಾದಿ ಶರಣರು ಮುಟ್ಟಿನ ಸೂತಕ, ಹೆರಿಗೆಯ ಸೂತಕಗಳನ್ನು ತಳ್ಳಿಹಾಕಿದರು. ಅವರ ದಾರಿಯಲ್ಲಿ ನಡೆಯುತ್ತೇವೆ ಎನ್ನುವ ನಾವು, ನೊಂದ ಮಗಳನ್ನು ದೂರ ಕೂಡಿಸುವುದು ಸರಿಯೇ? ಯೋಚಿಸಿರಿ. ಮಗುವಾಗಲಿಲ್ಲವೆಂದು ಮಗನಿಗೆ ಇನ್ನೊಂದು ಮದುವೆಯ ಮಾತೆತ್ತುವುದೂ ಸಲ್ಲದು.

ಹೆಚ್ಚುವರಿ ವರ್ಣತಂತುವಿನೊಂದಿಗೆ ಹುಟ್ಟಿದ ಮಗುವೂ ಮಗುವೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಬೇಗ ಪರೀಕ್ಷೆ ಮಾಡಿಸಿದರೆ ಚಿಕಿತ್ಸೆ ಸಾಧ್ಯ. ಪ್ರೀತಿ, ತರಬೇತಿ ಸಿಕ್ಕರೆ ಈ ಮಕ್ಕಳು ಶಾಲೆಗೆ ಹೋಗುತ್ತಾರೆ, ಕೈಲಾದ ಕಾಯಕ ಕಲಿಯುತ್ತಾರೆ. ಅವರನ್ನು ಶಾಪವೆಂದು ಕರೆಯಬೇಡಿರಿ.

ಒಂದು ಸಲ ಗರ್ಭಪಾತವಾದವರಲ್ಲಿ ಬಹುಪಾಲು ಮಂದಿಗೆ ಮುಂದಿನ ಸಲ ಆರೋಗ್ಯವಂತ ಮಗುವೇ ಹುಟ್ಟುತ್ತದೆ. ಒಂದು ಅಂಡಾಣುವಿನಲ್ಲಿ ಎಣಿಕೆ ತಪ್ಪಿತೆಂದರೆ ಎಲ್ಲ ಅಂಡಾಣುಗಳಲ್ಲಿಯೂ ತಪ್ಪಿದೆ ಎಂದಲ್ಲ.

ಓದಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿರಿ

ಅಂಡಾಣುವಿನಲ್ಲಿ ಎಷ್ಟು ವರ್ಣತಂತುಗಳಿರಬೇಕು? ಕೊಡ ಎತ್ತಿದರೆ ಎಣಿಕೆ ತಪ್ಪುತ್ತದೆಯೇ? ಅಂಡಾಣು ಸರಿಪಡಿಸುವ ಸೂಜಿ ಈಗ ಆಸ್ಪತ್ರೆಗಳಲ್ಲಿ ಸಿಗುತ್ತದೆಯೇ? 35 ದಾಟಿದವರು ಎಷ್ಟು ತಿಂಗಳಿಗೆ ವೈದ್ಯರನ್ನು ಕಾಣಬೇಕು? ಗಂಡ ಯಾವಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು?

ಉತ್ತರ: 23. ಇಲ್ಲ. ಇಲ್ಲ. ಆರು ತಿಂಗಳಿಗೆ. ಮೊದಲೇ.

ಐದೂ ಉತ್ತರ ಸರಿ ಬಂದಿದ್ದರೆ ಈ ಕರಪತ್ರವನ್ನು ಪಕ್ಕದ ಬೆಂಚಿನವರಿಗೆ ಕೊಡಿರಿ. ಸಂದೇಹವಿದ್ದರೆ ವಿಭಾಗದ ಸಿಸ್ಟರನ್ನು ಕೇಳಿರಿ. ಗಂಡನ ಮುಂದೆ, ಅತ್ತೆಯವರ ಮುಂದೆ ಕೇಳಲು ಸಂಕೋಚವಾದರೆ ಒಬ್ಬರೇ ಬಂದು ಕೇಳಿರಿ. ನೀವು ಹೇಳಿದ ಮಾತು ನಮ್ಮಲ್ಲಿಯೇ ಉಳಿಯುತ್ತದೆ.

ಇನ್ನು, ಬೆಂಚಿನ ಮೇಲೆ ಕುಳಿತ ಅತ್ತೆಯವರ ಪ್ರಶ್ನೆಗೆ ಉತ್ತರ. ತಪ್ಪು ಸೊಸೆಯದಲ್ಲ, ಮಗನದಲ್ಲ, ನಿಮ್ಮದೂ ಅಲ್ಲ. ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡು ಬನ್ನಿರಿ. ಮಗನನ್ನೂ ಕರೆಯಿರಿ. ಮುಂದೆ ಏನು ಮಾಡಬೇಕೆಂಬುದನ್ನು ಎಲ್ಲರೂ ಕುಳಿತು ಮಾತಾಡೋಣ.